ಲಿನೋಕಟ್: ಸ್ಲೇಟಿನ ಗೆರೆಯಿಂದ ಶುರು ಮಾಡಿ ಮಕ್ಕಳಿಗೆ ಕಲಿಸುವವರೆಗೆ

ಕಪ್ಪು ಹಿನ್ನೆಲೆ, ಕೈಯಲ್ಲಿ ಕೋಲು, ಮುಂದಕ್ಕೆ ಇಟ್ಟ ಹೆಜ್ಜೆ, ಮೈಗೆಲ್ಲ ಒಂದಷ್ಟು ಬಿಳಿ ಗೆರೆ. ಗಾಂಧೀಜಿಯವರ ಈ ಚಿತ್ರವನ್ನು ನೀವು ಎಲ್ಲೋ ಒಂದು ಕಡೆ ನೋಡಿಯೇ ಇರುತ್ತೀರಿ. 1930ರಲ್ಲಿ, ದಂಡಿ ಯಾತ್ರೆಯ ಹೊತ್ತಿನಲ್ಲಿ, ಬಂಗಾಳದ ಚಿತ್ರಕಾರ ನಂದಲಾಲ್ ಬೋಸ್ ಮಾಡಿದ್ದು. ಕುಂಚದಲ್ಲಿ ಬರೆದದ್ದು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅದು ಲಿನೋಕಟ್. ಲಿನೋಲಿಯಂ ಅನ್ನೋ ಮೆತ್ತನೆಯ ಹಾಳೆಯನ್ನು ಉಳಿಯಿಂದ ಕೆತ್ತಿ, ಅದರ ಮೇಲೆ ಇಂಕ್ ಸವರಿ, ಕಾಗದ ಇಟ್ಟು ಒತ್ತಿ ತೆಗೆದ ಅಚ್ಚು.

ಕೆತ್ತಿದ ಜಾಗ ಬಿಳಿ. ಬಿಟ್ಟ ಜಾಗ ಕಪ್ಪು. ನಿಯಮ ಇಷ್ಟೇ.

ಅದೇ 1930ರಲ್ಲಿ ಟಾಗೋರರು ಮಕ್ಕಳಿಗಾಗಿ ಬರೆದ ಬಂಗಾಳಿ ಪಾಠದ ಪುಸ್ತಕಕ್ಕೂ ನಂದಲಾಲರೇ ಲಿನೋಕಟ್ ಚಿತ್ರ ಮಾಡಿಕೊಟ್ಟರು. ದೇಶವೇ ನೋಡಿದ ಚಿತ್ರಕ್ಕೂ, ಅಕ್ಷರ ಕಲಿಯುವ ಮಗು ನೋಡುವ ಚಿತ್ರಕ್ಕೂ ಅದೇ ಲಿನೋ, ಅದೇ ಉಳಿ. ಈ ಕೆಲಸವೆಲ್ಲ ನಡೆದದ್ದು ಅವರು ಮೇಷ್ಟ್ರಾಗಿದ್ದಾಗಲೇ. 1922ರಿಂದ 1951ರವರೆಗೆ ಶಾಂತಿನಿಕೇತನದ ಕಲಾಭವನವನ್ನು ನಡೆಸಿದವರು ಅವರು. ನನಗೆ ಈ ವಿಷಯ ತುಂಬಾ ಹಿಡಿಸುತ್ತದೆ. ಹಾಗಾಗಿ ಇಲ್ಲಿ ಮೂರನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ: ಚಿತ್ರ ಬರೆಯೋದು, ಅಚ್ಚು ತೆಗೆಯೋದು, ಕಲಿಸೋದು.

ಲಿನೋ ಕೆತ್ತುತ್ತಾ, ಮಕ್ಕಳಿಗೆ ಹೇಳಿಕೊಡುತ್ತಾ ನನಗೆ ಅರ್ಥವಾದದ್ದು ಒಂದು. ಲಿನೋಕಟ್ ಕೆಡುವುದು ಕೆತ್ತುವುದಕ್ಕೂ ಮೊದಲೇ. ಯಾವುದು ಬಿಳಿ, ಯಾವುದು ಕಪ್ಪು ಅಂತ ತೀರ್ಮಾನ ಮಾಡದೆ ಉಳಿ ಎತ್ತಿಕೊಂಡರೆ ಆಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲ.

ಏನೇನು ಬೇಕು

ಲಿನೋ ಅಂದರೆ ಮೊದಲು ನೆಲಕ್ಕೆ ಹಾಸುವ ವಸ್ತು. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಕಂಡುಹಿಡಿದದ್ದು. ಗಟ್ಟಿಯಾದ ಅಗಸೆ ಎಣ್ಣೆಗೆ ಕಾರ್ಕ್ ಪುಡಿ, ರಾಳ ಸೇರಿಸಿ ಸೆಣಬಿನ ಬಟ್ಟೆಯ ಮೇಲೆ ಹರಡಿ ಮಾಡುತ್ತಾರೆ. ಮರದ ಹಾಗೆ ಇದಕ್ಕೆ ನಾರು ಇಲ್ಲ. ಹಾಗಾಗಿ ಉಳಿ ಯಾವ ಕಡೆಗೆ ಬೇಕಾದರೂ ಒಂದೇ ಥರ ಹೋಗುತ್ತದೆ. ಹೊಸಬರಿಗೆ ಮರಕ್ಕಿಂತ ಇದು ಸುಲಭ ಅನ್ನಿಸೋದು ಅದಕ್ಕೇ.

ಚಿತ್ರಕಲೆ ಸಾಮಾನಿನ ಅಂಗಡಿಯಲ್ಲಿ ‘ಲಿನೋ ಶೀಟ್’ ಅಂತ ಕೇಳಿ. ಸುಮಾರು 3 ಮಿಲಿಮೀಟರ್ ದಪ್ಪ ಇರುತ್ತದೆ. ಕೊಳ್ಳುವ ಮೊದಲು ಒಂದು ಮೂಲೆಯನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಬಿರುಕು ಬಿಟ್ಟರೆ ಹಳೆಯ ಮಾಲು, ಬೇಡ. ಲಿನೋ ಸಿಗದಿದ್ದರೆ ಕೆತ್ತುವುದಕ್ಕೆಂದೇ ಮಾಡಿದ ಮೆತ್ತನೆಯ ರಬ್ಬರ್ ಶೀಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದು ಇನ್ನೂ ಸುಲಭ. ಆದರೆ ಸಣ್ಣ ಗೆರೆ ಅದರಲ್ಲಿ ಲಿನೋದಷ್ಟು ಚೂಪಾಗಿ ನಿಲ್ಲುವುದಿಲ್ಲ.

ಉಳಿ ಎರಡೇ ಸಾಕು. ಬಾಯಿ ‘ವಿ’ ಆಕಾರ ಇರುವುದು ಒಂದು, ಗೆರೆಗೆ. ‘ಯು’ ಆಕಾರ ಇರುವುದು ಇನ್ನೊಂದು, ಜಾಗ ಖಾಲಿ ಮಾಡುವುದಕ್ಕೆ. ಒಂದೇ ಹಿಡಿಗೆ ಐದಾರು ತುದಿ ಬದಲಾಯಿಸುವ ಸೆಟ್ ಬರುತ್ತದಲ್ಲ, ಅದರಿಂದಲೇ ಶುರು ಮಾಡಬಹುದು. ಇನ್ನು ಒಂದು ರಬ್ಬರ್ ರೋಲರ್, ಅಂಚು ಉಜ್ಜಿಸಿದ ಗಾಜಿನ ತುಂಡು, ಕಪ್ಪು ಪ್ರಿಂಟಿಂಗ್ ಇಂಕ್, ಒಂದು ಸ್ಟೀಲ್ ಚಮಚ. ಕಾಗದಕ್ಕೆ ಪ್ರೂಫ್, ಅಂದರೆ ಹೇಗೆ ಬಂದಿದೆ ಅಂತ ನೋಡುವ ಅಚ್ಚು, ತೆಗೆಯಲು ನ್ಯೂಸ್‌ಪ್ರಿಂಟ್, ಒಳ್ಳೆಯ ಅಚ್ಚಿಗೆ ತೆಳುವಾದ ಕೈಕಾಗದ. ದಪ್ಪ ಡ್ರಾಯಿಂಗ್ ಹಾಳೆ ತರಬೇಡಿ. ಪ್ರೆಸ್ ಇಲ್ಲದೆ ಕೈಯಲ್ಲಿ ಉಜ್ಜುವಾಗ ಅದು ಇಂಕ್ ಸರಿಯಾಗಿ ಹಿಡಿಯುವುದಿಲ್ಲ.

ಮೊದಲು ಸ್ಲೇಟು

ಪೆನ್ಸಿಲ್‌ನಲ್ಲಿ ಬರೆದ ಚಂದದ ಚಿತ್ರವನ್ನು ಲಿನೋಗೆ ಹಾಕಿದರೆ ಯಾಕೆ ಸತ್ತುಹೋಗುತ್ತದೆ ಅಂತ ಕೇಳುತ್ತಾರೆ. ಪೆನ್ಸಿಲ್‌ನಲ್ಲಿ ಬೂದು ಬಣ್ಣ ಇದೆ. ಲಿನೋದಲ್ಲಿ ಅದು ಇಲ್ಲ. ಪೆನ್ಸಿಲ್ ಹಿಡಿದು ಬೆಳೆದ ಕೈ ಬಿಳಿ ಹಾಳೆಯ ಮೇಲೆ ಕಪ್ಪನ್ನು ಸೇರಿಸುತ್ತಾ ಹೋಗುತ್ತದೆ. ಉಳಿ ಮಾಡೋದು ಇದರ ಉಲ್ಟಾ, ಕಪ್ಪಿನೊಳಗಿಂದ ಬಿಳಿಯನ್ನು ಹೊರಗೆ ತೆಗೆಯುತ್ತದೆ.

ಇದಕ್ಕೆ ಅಭ್ಯಾಸ ಮಾಡಲು ಸ್ಲೇಟು ಮತ್ತು ಬಳಪಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ಬಳಪದ ಒಂದೊಂದು ಗೆರೆಯೂ ಉಳಿಯ ಒಂದೊಂದು ಎಳೆತ ಅಂದುಕೊಳ್ಳಿ. ನಮ್ಮಲ್ಲಿ ಹಿಂದೆ ಲೆಕ್ಕಪತ್ರ ಬರೆಯುತ್ತಿದ್ದ ಕಡತ ಕೂಡ ಹೀಗೇ ಇತ್ತು. ಬಟ್ಟೆಗೆ ಇದ್ದಿಲು ಮತ್ತು ಹುಣಸೆ ಬೀಜದ ಸರಿ ಬಳಿದು ಕಪ್ಪು ಮಾಡಿ, ಅದರ ಮೇಲೆ ಬಳಪದಲ್ಲಿ ಬೆಳ್ಳಗೆ ಬರೆಯುತ್ತಿದ್ದರು. ಸಾರಿಸಿದ ಅಂಗಳದ ಮೇಲೆ ರಂಗೋಲಿ ಎಳೆದ ಕೈಗೂ ಇದು ಹೊಸದೇನಲ್ಲ.

ಒಂದು ವಾರ ಹೀಗೆ ಮಾಡಿ. ಮನೆಯಲ್ಲಿರೋ ಒಂದೇ ವಸ್ತು ಆರಿಸಿಕೊಳ್ಳಿ. ಈಳಿಗೆಮಣೆ, ಚೊಂಬು, ಹಿತ್ತಲ ಬಾಳೆಗಿಡ, ಏನಾದರೂ ಆಗಲಿ. ಪಕ್ಕದಲ್ಲಿ ಒಂದೇ ದೀಪ ಇಡಿ, ಬೇರೆ ದೀಪ ಆರಿಸಿ. ಈಗ ಸ್ಲೇಟಿನ ಮೇಲೆ ಬೆಳಕು ಬಿದ್ದ ಜಾಗವನ್ನು ಮಾತ್ರ ಬಳಪದಲ್ಲಿ ಬರೆಯಿರಿ. ಅಂಚು ಎಳೆಯಬೇಡಿ. ಇದು ಮೊದಲ ದಿನ ತುಂಬಾ ಕಷ್ಟ. ಕೈ ತಾನಾಗಿ ಸುತ್ತಲೂ ಗೆರೆ ಎಳೆಯಲು ಹೋಗುತ್ತದೆ. ಮೂರನೇ ದಿನದ ಹೊತ್ತಿಗೆ ಕಣ್ಣು ಬೇರೆ ಥರ ನೋಡಲು ಶುರು ಮಾಡುತ್ತದೆ. ಚೊಂಬಿನ ಕತ್ತಲೆಯ ಬದಿ ಮತ್ತು ಹಿಂದಿನ ಗೋಡೆಯ ಕತ್ತಲೆ ಒಂದೇ ಕಪ್ಪಿನಲ್ಲಿ ಸೇರಿಹೋಗುತ್ತವೆ, ನಡುವೆ ಗೆರೆ ಇಲ್ಲದಿದ್ದರೂ ನೋಡುವವರಿಗೆ ಅಲ್ಲಿ ಚೊಂಬು ಇದೆ ಅಂತ ಗೊತ್ತಾಗುತ್ತದೆ. ಇದು ನಿಮ್ಮ ಸ್ಲೇಟಿನ ಮೇಲೆ ಒಮ್ಮೆ ಆಗಿಬಿಟ್ಟರೆ ಅರ್ಧ ಲಿನೋಕಟ್ ಕಲಿತ ಹಾಗೆ.

ಆಮೇಲೆ ಕುಂಚ ಮತ್ತು ಕಪ್ಪು ಶಾಯಿ. ಬಿಳಿ ಹಾಳೆಯ ಮೇಲೆ ಅದೇ ವಸ್ತುವನ್ನು ಬರೆಯಿರಿ, ರಬ್ಬರ್ ಬಳಸದೆ. ಗೆರೆ ಹೇಗೆ ದಪ್ಪ ಆಗುತ್ತದೆ, ಎಲ್ಲಿ ಸಣ್ಣಗಾಗಿ ನಿಲ್ಲುತ್ತದೆ ಅಂತ ತಿಳಿಯಲು ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು. ಅವರ ನರ್ತಕಿಯರ ಚಿತ್ರಗಳಲ್ಲಿ ಬೇಡದ ಗೆರೆ ಹುಡುಕಿ ನೋಡಿ, ಸಿಗುವುದಿಲ್ಲ.

ಬೂದು ಬೇಕೇ ಬೇಕು ಅನ್ನಿಸಿದರೆ? ಹತ್ತಿರ ಹತ್ತಿರ ಗೆರೆ ಅಥವಾ ಚುಕ್ಕೆ. ಗೆರೆಗಳ ನಡುವಿನ ಅಂತರ ಹೆಚ್ಚು ಕಡಿಮೆ ಮಾಡಿದರೆ ದೂರದಿಂದ ಬೂದು ಕಾಣುತ್ತದೆ. ಆದರೆ ಮೊದಲ ಎರಡು ಮೂರು ಬ್ಲಾಕ್‌ಗಳಲ್ಲಿ (ಬ್ಲಾಕ್ ಅಂದರೆ ಕೆತ್ತುವ ಲಿನೋ ತುಂಡು) ಇದಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಚಿತ್ರವನ್ನು ಲಿನೋಗೆ ಇಳಿಸುವುದು

ಅಚ್ಚು ಯಾವಾಗಲೂ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬರುತ್ತದೆ. ಬಲಗೈ ಎಡಗೈ ಆಗುತ್ತದೆ. ಅಕ್ಷರ ಇದ್ದರಂತೂ ಒಂದೂ ಓದಲು ಆಗುವುದಿಲ್ಲ.

ದಾರಿ ಸುಲಭ ಇದೆ. ಬಟರ್ ಪೇಪರ್ ಮೇಲೆ 4ಬಿ ಅಥವಾ 6ಬಿ ಪೆನ್ಸಿಲ್‌ನಲ್ಲಿ ನಿಮ್ಮ ಚಿತ್ರವನ್ನು ನಕಲು ಮಾಡಿಕೊಳ್ಳಿ. ಆ ಪೇಪರನ್ನು ಬೋರಲಾಗಿ, ಪೆನ್ಸಿಲ್ ಇರುವ ಬದಿ ಕೆಳಗೆ ಬರುವ ಹಾಗೆ ಲಿನೋ ಮೇಲೆ ಇಟ್ಟು ಟೇಪ್ ಹಚ್ಚಿ. ಹಿಂದಿನಿಂದ ಚಮಚದಲ್ಲಿ ಉಜ್ಜಿ. ಲಿನೋ ಮೇಲೆ ಚಿತ್ರ ಉಲ್ಟಾ ಇಳಿಯುತ್ತದೆ, ಅಚ್ಚು ತೆಗೆದಾಗ ಮತ್ತೆ ನೆಟ್ಟಗಾಗುತ್ತದೆ. ಕಾರ್ಬನ್ ಪೇಪರ್ ಇಟ್ಟು ಮೇಲಿನಿಂದ ತಿದ್ದಿದರೆ ಮಾತ್ರ ಉಲ್ಟಾ ಆಗುವುದಿಲ್ಲ, ಆ ತಪ್ಪು ಮಾಡಬೇಡಿ.

ಈಗ ಕೆತ್ತದೆ ಬಿಡುವ ಜಾಗವನ್ನೆಲ್ಲ ಪರ್ಮನೆಂಟ್ ಮಾರ್ಕರ್‌ನಿಂದ ಪೂರ್ತಿ ಕಪ್ಪು ಮಾಡಿ. ಸುಮ್ನೆ ಅಂಚು ಎಳೆದು ಬಿಡುವುದಲ್ಲ, ಪೂರ್ತಿ ತುಂಬಿ. ಬೇಜಾರಿನ ಕೆಲಸ, ನಿಜ. ಆದರೆ ನಾನು ಮೇಲೆ ಹೇಳಿದ ತೀರ್ಮಾನ ಆಗುವುದು ಇಲ್ಲೇ. ಒಂದು ಜಾಗದಲ್ಲಿ ಮಾರ್ಕರ್ ನಿಂತು, ‘ಇದು ಕಪ್ಪಾ, ಬಿಳಿಯಾ?’ ಅಂತ ಅನುಮಾನ ಬಂದರೆ ಅಲ್ಲೇ ನಿಲ್ಲಿಸಿ, ಸ್ಲೇಟಿಗೆ ವಾಪಸ್ ಹೋಗಿ.

ಕೆತ್ತುವುದು

ಲಿನೋವನ್ನು ಐದು ನಿಮಿಷ ಬಿಸಿಲಿನಲ್ಲಿಡಿ. ಮೆತ್ತಗಾಗುತ್ತದೆ. ಮಳೆಗಾಲವಾದರೆ ಮೇಲೆ ಬಟ್ಟೆ ಹಾಕಿ ಹದವಾದ ಬಿಸಿಯ ಇಸ್ತ್ರಿ ಪೆಟ್ಟಿಗೆಯನ್ನು ಒಂದೆರಡು ಸಲ ಆಡಿಸಿ.

ಎಲ್ಲಕ್ಕಿಂತ ದೊಡ್ಡ ನಿಯಮ: ಖಾಲಿ ಕೈ ಯಾವಾಗಲೂ ಉಳಿಯ ಹಿಂದೆ ಇರಬೇಕು. ಮುಂದೆ ಎಂದಿಗೂ ಇಲ್ಲ. ನಾನು ಕಲಿಯುತ್ತಿದ್ದಾಗ ತಣ್ಣಗಿದ್ದ ಲಿನೋ ಮೇಲೆ ಜೋರು ಹಾಕಿ ಒತ್ತಿದೆ, ಉಳಿ ಜಾರಿತು, ಎಡಗೈ ತೋರುಬೆರಳಿಗೆ ಹೊಲಿಗೆ ಬಿತ್ತು. ಕಲೆ ಇವತ್ತಿಗೂ ಇದೆ. ಪ್ರತಿ ಹೊಸ ತರಗತಿಯಲ್ಲೂ ಮೊದಲು ಆ ಬೆರಳನ್ನು ತೋರಿಸುತ್ತೇನೆ. ಜೋರು ಬೇಕಾಗುತ್ತಿದೆ ಅಂದರೆ ಎರಡೇ ಕಾರಣ, ಲಿನೋ ತಣ್ಣಗಿದೆ ಅಥವಾ ಉಳಿ ಮೊಂಡಾಗಿದೆ.

ಬ್ಲಾಕ್ ಜಾರದಂತೆ ಒಂದು ಹಲಗೆ ಮಾಡಿಕೊಳ್ಳಿ. ಪ್ಲೈವುಡ್ ತುಂಡಿನ ಒಂದು ಅಂಚಿಗೆ ಮೇಲ್ಗಡೆ ರೀಪರ್ ಪಟ್ಟಿ, ಎದುರಿನ ಅಂಚಿಗೆ ಕೆಳಗಡೆ ಇನ್ನೊಂದು ಪಟ್ಟಿ. ಕೆಳಗಿನ ಪಟ್ಟಿ ಮೇಜಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಮೇಲಿನ ಪಟ್ಟಿಗೆ ಬ್ಲಾಕ್ ಆತುಕೊಳ್ಳುತ್ತದೆ.

ಮೊದಲು ‘ವಿ’ ಉಳಿಯಿಂದ ಕಪ್ಪು ಜಾಗದ ಅಂಚಿನ ಹೊರಗೆ ಒಂದು ಗೆರೆ. ಉಳಿಯನ್ನು ತೀರಾ ನೆಟ್ಟಗೆ ಹಿಡಿಯಬೇಡಿ, ಹಾಳೆಗೆ ಹತ್ತಿರವಾಗಿ ಓರೆಯಾಗಿ ಹಿಡಿಯಿರಿ. ಆಳ ಒಂದು ಮಿಲಿಮೀಟರ್ ಸಾಕು. ಕೆಳಗಿನ ಸೆಣಬು ಕಂಡರೆ ಜಾಸ್ತಿ ಆಯಿತು ಅಂತ ಅರ್ಥ. ತಿರುವು ಬಂದಾಗ ಕೈ ತಿರುಗಿಸಬೇಡಿ, ಬ್ಲಾಕ್ ತಿರುಗಿಸಿ. ಕೆತ್ತದೆ ಬಿಟ್ಟ ಗೆರೆಯ ಬುಡ ಅಗಲ, ತುದಿ ಸಣ್ಣ ಇರಬೇಕು, ಗುಡ್ಡದ ಹಾಗೆ. ಬುಡ ಕೊರೆದುಹೋದರೆ ನಾಲ್ಕನೇ ಅಚ್ಚಿಗೆ ಗೆರೆ ಕುಸಿಯುತ್ತದೆ. ಅಂಚುಗಳೆಲ್ಲ ಮುಗಿದ ಮೇಲೆ ‘ಯು’ ಉಳಿಯಿಂದ ದೊಡ್ಡ ಜಾಗಗಳನ್ನು ಖಾಲಿ ಮಾಡಿ.

ಖಾಲಿ ಮಾಡಿದ ಜಾಗದಲ್ಲೂ ಉಳಿಯ ಎಳೆತಗಳ ನಡುವಿನ ಏಣು ಅಲ್ಲಲ್ಲಿ ನಿಂತು ಅಚ್ಚಿನಲ್ಲಿ ಸಣ್ಣ ಸಣ್ಣ ಕಪ್ಪು ಗೀರು ಕಾಣುತ್ತದೆ. ಕೆಲವರು ಅದನ್ನೆಲ್ಲ ಹೆರೆದು ತೆಗೆಯುತ್ತಾರೆ. ನಾನು ಬಿಡುತ್ತೇನೆ. ಆದರೆ ಒಂದು ಮಾತು: ಖಾಲಿ ಮಾಡುವಾಗ ಉಳಿ ಆಕಾರದ ಜೊತೆಗೇ ಹೋಗಬೇಕು. ಬಾಳೆ ಎಲೆಯ ಸುತ್ತ ಕೆತ್ತುವಾಗ ಎಲೆಯ ಬಾಗಿನ ಜೊತೆ ಹೋದರೆ ಆ ಗೀರುಗಳು ಗಾಳಿಯ ಹಾಗೆ ಕಾಣುತ್ತವೆ. ಮನಸ್ಸಿಗೆ ಬಂದ ಕಡೆ ಕೆತ್ತಿದರೆ ಬರೀ ಕೊಳೆ ಕಾಣುತ್ತದೆ.

ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆದಾಗ ನಿಲ್ಲಿಸಿ. ತೆಳು ಕಾಗದ ಮೇಲಿಟ್ಟು ಕ್ರೇಯಾನ್ ಅಡ್ಡ ಹಿಡಿದು ಉಜ್ಜಿ, ಚಿಕ್ಕವರಿದ್ದಾಗ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜುತ್ತಿದ್ದೆವಲ್ಲ, ಹಾಗೆ. ಇಂಕ್ ಇಲ್ಲದೆ ಪ್ರೂಫ್ ಸಿಗುತ್ತದೆ. ಅದನ್ನು ಗೋಡೆಗೆ ಅಂಟಿಸಿ, ದೂರ ನಿಂತು ನೋಡಿ. ಕೆತ್ತಿದ್ದನ್ನು ವಾಪಸ್ ತುಂಬಲು ಆಗುವುದಿಲ್ಲ. ಎಷ್ಟೋ ಬ್ಲಾಕ್‌ಗಳು ಇಲ್ಲಿಗೇ ಮುಗಿದಿರುತ್ತವೆ, ನಾವೇ ಇನ್ನೂ ಕೆತ್ತಿ ಹಾಳು ಮಾಡುತ್ತೇವೆ.

ಅಚ್ಚು ತೆಗೆಯುವುದು

ಪೋಸ್ಟ್‌ಕಾರ್ಡ್ ಅಳತೆಯ ಬ್ಲಾಕ್‌ಗೆ ಹುಣಸೆ ಬೀಜದಷ್ಟು ಇಂಕ್ ಸಾಕು. ಗಾಜಿನ ಮೇಲೆ ಹಾಕಿ, ರೋಲರ್ ಅನ್ನು ಉದ್ದಕ್ಕೆ, ಅಡ್ಡಕ್ಕೆ ಎಳೆಯಿರಿ. ಪ್ರತಿ ಎಳೆತಕ್ಕೂ ರೋಲರ್ ಎತ್ತಿ ಇಡಿ. ಈಗ ಕಿವಿ ಕೊಡಿ. ಇಂಕ್ ಜಾಸ್ತಿ ಇದ್ದರೆ ಕೆಸರಿನಲ್ಲಿ ಚಪ್ಪಲಿ ಕಿತ್ತ ಹಾಗೆ ಪಚಪಚ ಅನ್ನುತ್ತದೆ. ಸರಿ ಇದ್ದರೆ ಸಣ್ಣಗೆ ಚರಚರ ಅನ್ನುತ್ತದೆ, ಗಾಜಿನ ಮೇಲಿನ ಇಂಕ್ ರೇಷ್ಮೆಯ ಹಾಗೆ ಕಾಣುತ್ತದೆ. ಈ ಸದ್ದು ಒಮ್ಮೆ ಕಿವಿಗೆ ಹತ್ತಿದರೆ ಸಾಕು, ಅಳತೆ ಬೇಕಾಗುವುದಿಲ್ಲ.

ಬ್ಲಾಕ್ ಮೇಲೆ ತೆಳುವಾಗಿ ನಾಲ್ಕೈದು ಸಲ ಸವರಿ. ಒಂದೇ ಸಲ ದಪ್ಪಗೆ ಹಾಕಿದರೆ ಸಣ್ಣ ಗೆರೆಗಳು ಮುಚ್ಚಿಹೋಗುತ್ತವೆ. ಕಾಗದ ಎಲ್ಲಿ ಇಡಬೇಕು ಅಂತ ಮೊದಲೇ ಒಂದು ದೊಡ್ಡ ಹಾಳೆಯ ಮೇಲೆ ಬ್ಲಾಕ್‌ನ ಅಳತೆ, ಅದರ ಸುತ್ತ ಕಾಗದದ ಅಳತೆ ಗುರುತು ಮಾಡಿಟ್ಟುಕೊಳ್ಳಿ. ಕಾಗದದ ಎರಡು ಮೂಲೆಗಳನ್ನು ಗುರುತಿಗೆ ಹೊಂದಿಸಿ, ಆಮೇಲೆ ಉಳಿದದ್ದನ್ನು ಮೆಲ್ಲಗೆ ಬಿಡಿ. ಬಿಟ್ಟ ಮೇಲೆ ಸರಿಸಬೇಡಿ.

ಮೇಲೊಂದು ಬಟರ್ ಪೇಪರ್ ಇಟ್ಟು ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಸುತ್ತುತ್ತಾ ಉಜ್ಜಿ. ಒಂದು ಕೈಯಿಂದ ಕಾಗದ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮೂಲೆ ಎತ್ತಿ ನೋಡಿ. ತೆಳುವಾಗಿ ಬಂದಿದ್ದರೆ ಅದೇ ಜಾಗಕ್ಕೆ ಕಾಗದ ಬಿಟ್ಟು ಮತ್ತೆ ಉಜ್ಜಿ. ಮೊದಲ ಎರಡು ಮೂರು ಅಚ್ಚು ಮಂಕಾಗಿಯೇ ಬರುತ್ತವೆ, ಗಾಬರಿ ಬೇಡ. ಹೊಸ ಬ್ಲಾಕ್‌ಗೆ ಇಂಕ್ ಹಿಡಿಯಲು ಅಷ್ಟು ಬೇಕು.

ಎಣ್ಣೆ ಇಂಕ್ ಆದರೆ ಹಗ್ಗಕ್ಕೆ ಕ್ಲಿಪ್ ಹಾಕಿ ಎರಡು ಮೂರು ದಿನ ಒಣಗಲು ಬಿಡಿ. ಮಳೆಗಾಲದಲ್ಲಿ ಒಂದು ವಾರವೂ ಆಗಬಹುದು. ಗಾಜು, ರೋಲರ್, ಬ್ಲಾಕ್ ಎಲ್ಲವನ್ನೂ ಮೊದಲು ಅಡುಗೆ ಎಣ್ಣೆ ಹಾಕಿ ಬಟ್ಟೆಯಿಂದ ಒರೆಸಿ, ಆಮೇಲೆ ಸೋಪಿನ ನೀರಿನ ಬಟ್ಟೆ. ಸೀಮೆಎಣ್ಣೆಯ ವಾಸನೆ ಮನೆಯಲ್ಲಿ ಯಾಕೆ, ಅಲ್ವಾ? ಇಂಕ್ ಹಿಡಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಇರುವ ಬಟ್ಟೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾಗಿದ್ದರೆ ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಇಲ್ಲವೇ ಹರಡಿ ಒಣಗಿಸಿ.

ಎಷ್ಟು ಪ್ರತಿ ಅಂತ ಮೊದಲೇ ತೀರ್ಮಾನ ಮಾಡಿ. ಹತ್ತು ಅಂದರೆ ಹತ್ತು. ಒಣಗಿದ ಮೇಲೆ ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ ಎಡಕ್ಕೆ 3/10 ಅಂತ ಸಂಖ್ಯೆ, ನಡುವೆ ಹೆಸರು, ಬಲಕ್ಕೆ ಸಹಿ ಮತ್ತು ವರ್ಷ. 3/10 ಅಂದರೆ ಹತ್ತರಲ್ಲಿ ಮೂರನೆಯದು.

ಬಣ್ಣದ ಬಗ್ಗೆ ಎರಡೇ ಮಾತು. ಒಂದೇ ಬ್ಲಾಕ್‌ನಲ್ಲಿ ಸ್ವಲ್ಪ ಕೆತ್ತಿ ತಿಳಿ ಬಣ್ಣದ ಅಚ್ಚು, ಮತ್ತೆ ಕೆತ್ತಿ ಅದರ ಮೇಲೆ ಗಾಢ ಬಣ್ಣದ ಅಚ್ಚು, ಹೀಗೆ ಬ್ಲಾಕ್ ಸವೆಯುವವರೆಗೆ ಹೋಗಬಹುದು. 1950ರ ದಶಕದ ಕೊನೆಯಲ್ಲಿ ಫ್ರಾನ್ಸಿನ ವಲೋರಿಯಲ್ಲಿ ಪಿಕಾಸೊ ಈ ರೀತಿಯಲ್ಲಿ ತುಂಬಾ ಕೆಲಸ ಮಾಡಿದರು. ಹತ್ತು ಬ್ಲಾಕ್ ಕಪ್ಪಿನಲ್ಲಿ ಮಾಡಿದ ಮೇಲೆ ಪ್ರಯತ್ನಿಸಿ, ಅದಕ್ಕೆ ಮೊದಲು ಬೇಡ.

ಮಕ್ಕಳಿಗೆ ಕಲಿಸುವುದು

ಉಳಿ ಹಿಡಿಯಲು ಹತ್ತು ವರ್ಷವಾದರೂ ಆಗಿರಲಿ. ಅದಕ್ಕಿಂತ ಚಿಕ್ಕವರಿಗೆ ಬೆಂಡೆಕಾಯಿ, ಆಲೂಗಡ್ಡೆ, ಇಲ್ಲವೇ ಥರ್ಮಾಕೋಲ್ ತಟ್ಟೆಯನ್ನು ಖಾಲಿ ಬಾಲ್‌ಪೆನ್ನಿನಿಂದ ಒತ್ತಿ ಗೆರೆ ಮಾಡಿ ತೆಗೆಯುವ ಅಚ್ಚು. ನಿಯಮ ಅದೇ, ಅಪಾಯ ಇಲ್ಲ. ಮಕ್ಕಳ ಜೊತೆ ನೀರಿನ ಇಂಕ್ ಬಳಸಿ. ಬೇಸಿಗೆಯಲ್ಲಿ ಅದು ಗಾಜಿನ ಮೇಲೇ ಒಣಗಿಬಿಡುತ್ತದೆ, ಒಂದೆರಡು ಹನಿ ಗ್ಲಿಸರಿನ್ ಸೇರಿಸಿದರೆ ಸರಿಹೋಗುತ್ತದೆ.

ಹನ್ನೆರಡು ಮಕ್ಕಳಿಗೆ ಹನ್ನೆರಡು ಉಳಿ ಬೇಡ. ನಾಲ್ಕು ಸಾಕು. ನಾಲ್ವರು ಬರೆಯಲಿ, ನಾಲ್ವರು ಕೆತ್ತಲಿ, ನಾಲ್ವರು ಅಚ್ಚು ತೆಗೆಯಲಿ. ನೀವು ಕೆತ್ತುವವರ ಹತ್ತಿರವೇ ಇರಬಹುದು. ಎಲ್ಲರೂ ಒಟ್ಟಿಗೆ ಉಳಿ ಹಿಡಿದರೆ ಒಬ್ಬ ಮೇಷ್ಟ್ರಿಂದ ನೋಡಿಕೊಳ್ಳಲು ಆಗುವುದಿಲ್ಲ.

ಮೊದಲ ತರಗತಿಯಲ್ಲಿ ಪಾಠ ಮಾಡಬೇಡಿ. ಐದು ಸೆಂಟಿಮೀಟರ್ ಚೌಕದ ಲಿನೋ ತುಂಡು ಕೊಡಿ, ‘ಐದೇ ಗೆರೆ ಕೆತ್ತಿ, ಆರನೆಯದು ಬೇಡ’ ಅನ್ನಿ. ಮೊದಲ ಅರ್ಧ ಗಂಟೆಯೊಳಗೆ ಪ್ರತಿ ಮಗುವಿನ ಕೈಯಲ್ಲೂ ಒಂದು ಅಚ್ಚು ಇರಬೇಕು. ಕಾಗದ ಎತ್ತುವಾಗ ಅವರ ಮುಖ ನೋಡಿ, ನೀವು ಯಾಕೆ ಕಲಿಸುತ್ತಿದ್ದೀರಿ ಅಂತ ನಿಮಗೇ ನೆನಪಾಗುತ್ತದೆ. ‘ಸರ್, ನನ್ನ ಹೆಸರು ಉಲ್ಟಾ ಬಂತು!’ ಅಂತ ಒಬ್ಬರಾದರೂ ಕೂಗುತ್ತಾರೆ. ಕನ್ನಡಿ ಪಾಠ ಮಾಡುವುದು ಆಗ, ಅದಕ್ಕಿಂತ ಮೊದಲಲ್ಲ. ನೀವು ಮೊದಲೇ ಹೇಳಿದ್ದರೆ ಯಾರಿಗೂ ನೆನಪಿರುತ್ತಿರಲಿಲ್ಲ.

ಎರಡನೆಯ ತರಗತಿಗೆ ಸ್ಲೇಟು, ಬಳಪ, ಒಂದೇ ದೀಪ. ಮೂರನೆಯದರಿಂದ ಪೋಸ್ಟ್‌ಕಾರ್ಡ್ ಅಳತೆಯ ಬ್ಲಾಕ್.

ಮಗುವಿನ ಬ್ಲಾಕ್ ಮೇಲೆ ನಿಮ್ಮ ಉಳಿ ಹೋಗಬಾರದು. ಒಂದು ಗೆರೆಯೂ ಇಲ್ಲ. ನಾನು ಮೊದಮೊದಲು ‘ಕೊಡು ಇಲ್ಲಿ’ ಅಂತ ತೆಗೆದುಕೊಂಡು ತಿದ್ದಿಕೊಡುತ್ತಿದ್ದೆ. ಅಚ್ಚು ಚೆನ್ನಾಗಿ ಬರುತ್ತಿತ್ತು, ಮಗು ಮಾತ್ರ ಅದನ್ನು ಮನೆಗೆ ಒಯ್ಯುವುದನ್ನು ಮರೆಯುತ್ತಿತ್ತು. ಒಂದು ದಿನ ಮೇಜಿನ ಮೇಲೆ ಬಿಟ್ಟುಹೋದ ಅಚ್ಚುಗಳನ್ನು ಎತ್ತಿಡುವಾಗ ಗಮನಿಸಿದೆ, ನಾನು ತಿದ್ದಿದವೇ ಎಲ್ಲ. ಈಗ ನನ್ನದೇ ಒಂದು ಲಿನೋ ತುಂಡು ಜೇಬಿನಲ್ಲಿರುತ್ತದೆ. ತೋರಿಸಬೇಕಾದ್ದನ್ನು ಅದರ ಮೇಲೆ ಕೆತ್ತಿ ತೋರಿಸುತ್ತೇನೆ.

‘ಚೆನ್ನಾಗಿದೆ’ ಅನ್ನುವ ಬದಲು ಪ್ರಶ್ನೆ ಕೇಳಿ. ಬೆಳಕು ಯಾವ ಕಡೆಯಿಂದ ಬರ್ತಿದೆ? ಇದರಲ್ಲಿ ಯಾವ ಗೆರೆ ತೆಗೆದರೂ ನಡೆಯುತ್ತೆ? ಎರಡನೆಯ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರ ದೊಡ್ಡವರಿಗಿಂತ ಸರಿ ಇರುತ್ತದೆ. ಪ್ರೂಫ್‌ಗಳನ್ನು ಎಸೆಯದೆ ಸಾಲಾಗಿ ಗೋಡೆಗೆ ಅಂಟಿಸಿ, ಮೊದಲನೆಯದರಿಂದ ಕೊನೆಯದರವರೆಗೆ. ಯಾವ ಹಂತದಲ್ಲಿ ನಿಲ್ಲಿಸಬೇಕಿತ್ತು ಅಂತ ಮಕ್ಕಳೇ ಬೆರಳಿಟ್ಟು ತೋರಿಸುತ್ತಾರೆ.

ನಂದಲಾಲರು ತಮ್ಮ ವಿದ್ಯಾರ್ಥಿಗಳಿಗೆ ಕಾರ್ಡಿನ ಮೇಲೆ ಚಿತ್ರ ಬರೆದು ಅಂಚೆಯಲ್ಲಿ ಕಳಿಸುತ್ತಿದ್ದರು. ನಾನು ಕೊನೆಯ ತರಗತಿಯನ್ನು ಅದರಿಂದಲೇ ಕಟ್ಟಿಕೊಂಡಿದ್ದೇನೆ. ಹನ್ನೆರಡು ಮಕ್ಕಳಿದ್ದರೆ ಪ್ರತಿಯೊಬ್ಬರೂ ಹದಿಮೂರು ಅಚ್ಚು ತೆಗೆಯುತ್ತಾರೆ. ಒಣಗಿದ ಮೇಲೆ ಉದ್ದನೆಯ ಚಾಪೆ ಹಾಸಿ ಹದಿಮೂರು ಗುಡ್ಡೆಗೆ ಜಾಗ ಮಾಡಿ. ಪ್ರತಿ ಮಗುವೂ ಒಂದೊಂದು ಗುಡ್ಡೆಗೆ ತನ್ನ ಒಂದೊಂದು ಅಚ್ಚು ಇಡುತ್ತಾ ಹೋಗಲಿ. ಕೊನೆಗೆ ಹನ್ನೆರಡು ಗುಡ್ಡೆ ಹನ್ನೆರಡು ಮಕ್ಕಳಿಗೆ, ಎಲ್ಲರ ಕೆಲಸವೂ ಎಲ್ಲರ ಮನೆಗೂ ಹೋಗುತ್ತದೆ. ಹದಿಮೂರನೆಯದು ಶಾಲೆಯ ಗೋಡೆಗೆ. ಒಬ್ಬರು ಆ ದಿನ ಬರದಿದ್ದರೆ ಅವರ ಗುಡ್ಡೆಯನ್ನು ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿ, ಮೇಲೆ ವಿಳಾಸ ಬರೆಸಿ, ಮಕ್ಕಳ ಕೈಯಲ್ಲೇ ಅಂಚೆಗೆ ಹಾಕಿಸಿ.